ನೆಲದೊಳಗಿನ ಕೊಳವೆಗೆ ಕಾವಲು

ಮನೆಯ ಗೋಡೆ ಬಿರುಕುಬಿಟ್ಟರೆ ನಮ್ಮ ಕಣ್ಣಿಗೆ ಬೀಳುತ್ತದೆ. ಆದರೆ ಮಣ್ಣಿನಡಿಯಲ್ಲಿ ಹೂತ ಕೊಳವೆ ಬಾಗಿದರೆ ಅದನ್ನು ಕಾಣುವವರಾರು? ನೆಲವು ನಾವು ಭಾವಿಸುವಷ್ಟು ನಿಶ್ಚಲವಲ್ಲ. ಇಳಿಜಾರಿನ ಮಣ್ಣು ಮೆಲ್ಲನೆ ಜಾರುತ್ತದೆ. ಗಣಿಯ ಮೇಲಣ ನೆಲ ಕುಸಿಯುತ್ತದೆ. ಹಿಮ ಬೆರೆತ ಮಣ್ಣು ಕರಗಿದಾಗ ತಗ್ಗುತ್ತದೆ. ಅದರೊಡನೆ ಕೊಳವೆಯೂ ಚಲಿಸುತ್ತದೆ.

ಅಮೆರಿಕದ ಅಲಾಸ್ಕಾ ತೈಲಮಾರ್ಗವು ಇದಕ್ಕೆ ನಿದರ್ಶನ. ಪ್ರೂಡೋ ಕೊಲ್ಲಿಯಿಂದ ವಾಲ್ಡೀಸ್ ಬಂದರಿನವರೆಗೆ ಸುಮಾರು 1,290 ಕಿಲೋಮೀಟರ್ ಉದ್ದವಿರುವ, 48 ಅಂಗುಲ ವ್ಯಾಸದ ಈ ಕೊಳವೆಯಲ್ಲಿ 1977ರಲ್ಲಿ ತೈಲ ಹರಿಯತೊಡಗಿತು. ಬಿಸಿ ತೈಲದಿಂದ ನೆಲದೊಳಗಿನ ಹಿಮ ಕರಗೀತೆಂದು ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆಧಾರಗಳ ಮೇಲೆ ಎತ್ತಿ ನಿಲ್ಲಿಸಿದರು, ಉಳಿದುದನ್ನು ಹೂತರು. ಆದರೆ 1979ರ ಜೂನ್ ತಿಂಗಳಲ್ಲಿ ಅಟಿಗನ್ ಕಣಿವೆದಾರಿಯಲ್ಲಿ ನೆಲ ತಗ್ಗಿ, ಹೂತ ಕೊಳವೆ ಬಾಗಿ ಬಿರಿದು, ತೈಲ ಸೋರಿತು.

ಇಂಥ ಅಪಾಯವನ್ನು ಮುಂಚಿತವಾಗಿ ಅರಿಯಲು ಮೋಜಣಿ ವಿದ್ಯೆ ನೆರವಾಗುತ್ತದೆ. ಕೊಳವೆಯ ನೆತ್ತಿಗೆ ಉಕ್ಕಿನ ಸರಳುಗಳನ್ನು ಜೋಡಿಸಿ, ತುದಿಗಳು ನೆಲದ ಮೇಲೆ ಕಾಣುವಂತೆ ಬಿಡುತ್ತಾರೆ. ಕೊಳವೆ ಇಳಿದಷ್ಟೂ ಸರಳು ಇಳಿಯುತ್ತದೆ. ದೂರದ ಬಂಡೆಯ ಮೇಲೆ ಗುರುತಿಸಿದ ಸ್ಥಿರಬಿಂದುವಿನೊಡನೆ ಸರಳಿನ ಎತ್ತರವನ್ನು ಲೆವೆಲ್ ಯಂತ್ರದಿಂದ ಹೋಲಿಸುತ್ತಾರೆ. ಅಳತೆಪಟ್ಟಿಯನ್ನು ಸ್ಥಿರಬಿಂದುವಿನ ಮೇಲೆ ನಿಲ್ಲಿಸಿದಾಗ 1.50 ಮೀಟರ್, ಸರಳಿನ ಮೇಲೆ ನಿಲ್ಲಿಸಿದಾಗ 1.80 ಮೀಟರ್ ಎಂದು ಕಂಡಿತೆನ್ನೋಣ. ಆಗ ಸರಳು ಸ್ಥಿರಬಿಂದುವಿಗಿಂತ 30 ಸೆಂಟಿಮೀಟರ್ ಕೆಳಗಿದೆ. ಮುಂದಿನ ವರ್ಷ ಈ ಅಂತರ 35 ಸೆಂಟಿಮೀಟರ್ ಆದರೆ ಕೊಳವೆ 5 ಸೆಂಟಿಮೀಟರ್ ಇಳಿದಿದೆ ಎಂದರ್ಥ. ಸ್ಥಿರಬಿಂದು ಮಾತ್ರ ಅಲುಗಬಾರದು. ಅದೇ ಅಲುಗಿದರೆ ಅಳತೆಗೆ ಅರ್ಥವೆಲ್ಲಿ?

ಕೊಳವೆಯ ಉದ್ದನೆಯ ಭಾಗವೊಂದು ಒಂದೇ ಸಮನಾಗಿ ಇಳಿದರೆ ಅಷ್ಟು ಭಯವಿಲ್ಲ. ಒಂದು ಸರಳು ಇಳಿದು ಪಕ್ಕದ ಸರಳು ನಿಂತಲ್ಲೇ ಇದ್ದರೆ ಕೊಳವೆ ನಡುವೆ ಬಾಗುತ್ತಿದೆ ಎಂದು ತಿಳಿಯಬೇಕು. ಆದುದರಿಂದ ಮೋಜಣಿದಾರನು ಒಂದೊಂದು ಸರಳಿನ ಇಳಿತಕ್ಕಿಂತ ನೆರೆಯ ಸರಳುಗಳ ನಡುವಣ ವ್ಯತ್ಯಾಸವನ್ನೇ ಹೆಚ್ಚು ಗಮನಿಸುತ್ತಾನೆ. ಇಳಿಜಾರಿನಲ್ಲಿ ನೆಲ ಪಕ್ಕಕ್ಕೆ ಸರಿಯುವುದನ್ನು ಕೋನಗಳನ್ನೂ ದೂರಗಳನ್ನೂ ಅಳೆದು ಕಂಡುಹಿಡಿಯುತ್ತಾರೆ. ಇಂದು ಕೃತಕ ಉಪಗ್ರಹಗಳ ಸಂಕೇತಗಳೂ, ಕೊಳವೆಯೊಳಗೇ ಸಾಗಿ ಅದರ ಬಾಗನ್ನು ದಾಖಲಿಸುವ ಉಪಕರಣಗಳೂ ಈ ಕಾರ್ಯಕ್ಕೆ ಒದಗಿವೆ.

ಬಾಗು ಮಿತಿಮೀರುವ ಮೊದಲೇ ಮಣ್ಣನ್ನು ಅಗೆದು ಕೊಳವೆಯ ಬಿಗಿತವನ್ನು ಸಡಿಲಿಸಿ, ಅದಕ್ಕೆ ಹೊಸ ಆಧಾರ ಕೊಡಬಹುದು. ವರ್ಷವರ್ಷವೂ ತಾಳ್ಮೆಯಿಂದ ಬರೆದಿಟ್ಟ ಅಂಕೆಗಳೇ ಕಾಣದ ಕೊಳವೆಗೆ ಕಣ್ಣಾಗುತ್ತವೆ.