ಕೋಡಿಯ ಮೇಲಿನ ಮೂಟೆಗಳು

ಕೆರೆ ಎಂದೊಡನೆ ಪಟ್ಟಣವಾಸಿಗಳಾದ ನಮ್ಮ ಕಣ್ಣಿಗೆ ಕಟ್ಟುವುದು ನೀರು. ಹಳ್ಳಿಯ ಒಕ್ಕಲಿಗನಿಗಾದರೋ ಮೊದಲು ನೆನಪಾಗುವುದು ಏರಿ. ಹರಿದುಹೋಗುವ ಮಳೆನೀರಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ದಿಬ್ಬ ಅದು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಂಥ ಸೀಮೆಯಲ್ಲಿ ಜನ ಶತಮಾನಗಳ ಕಾಲ ಬಾಳಿದ್ದು ಈ ದಿಬ್ಬಗಳನ್ನು ನಂಬಿ. ಕರ್ನಾಟಕದಲ್ಲಿ ಇಂದಿಗೂ ಸುಮಾರು 36,000 ಕೆರೆಗಳಿವೆಯೆಂದು ಲೆಕ್ಕ.

ಮಣ್ಣಿನ ಏರಿ ನೀರನ್ನು ತಡೆದು ನಿಲ್ಲುವುದು ತನ್ನ ಭಾರದಿಂದ. ಆದ್ದರಿಂದಲೇ ಅದರ ಬುಡ ಅಗಲ, ನೆತ್ತಿ ಕಿರಿದು. ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ತುಳಿಸಿ ಗಟ್ಟಿಮಾಡುತ್ತಾರೆ. ಅಲೆ ಬಡಿಯುವ ಒಳಮೈಗೆ ಕಲ್ಲು ಹೊದಿಸುತ್ತಾರೆ. ಬೇಕಾದಷ್ಟು ನೀರನ್ನು ಗದ್ದೆಗೆ ಬಿಡಲು ತೂಬು. ಹೆಚ್ಚಾದದ್ದು ಹೊರಬೀಳಲು ಕೋಡಿ. ಈ ಕೋಡಿಯ ಮಟ್ಟ ಏರಿಯ ನೆತ್ತಿಗಿಂತ ಸಾಕಷ್ಟು ಕೆಳಗಿರಲೇಬೇಕು. ಪಕ್ಕದಿಂದ ಒತ್ತುವ ನೀರನ್ನು ಮಣ್ಣು ತಾಳಿಕೊಂಡೀತು. ತಲೆಯ ಮೇಲೆ ಹರಿಯುವ ನೀರನ್ನು ತಾಳಲಾರದು. ಒಮ್ಮೆ ನೆತ್ತಿ ದಾಟಿದ ನೀರು ಹೊರಮೈಯನ್ನು ಕೊರೆಯತೊಡಗಿದರೆ ಏರಿ ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ.

ನಾನು ಚಿಕ್ಕವನಾಗಿದ್ದಾಗ, ಎರಡು ವರ್ಷದ ಬರದ ಬಳಿಕ ನಮ್ಮೂರ ಕೆರೆ ಕೋಡಿ ಹರಿಯಿತು. ಹೊರಗೆ ಹೋಗುವ ನೀರನ್ನು ಕಂಡು ಮನಸ್ಸು ತಡೆಯದೆ ನಾಲ್ಕಾರು ಮಂದಿ ಕೋಡಿಯ ಮೇಲೆ ಮರಳಿನ ಮೂಟೆಗಳನ್ನು ಒಡ್ಡಿದರು. ಅವರಲ್ಲಿ ನಮ್ಮ ತಂದೆಯವರೂ ಒಬ್ಬರು. ಆ ರಾತ್ರಿ ಮತ್ತೆ ಮಳೆ ಹಿಡಿಯಿತು. ಮುದುಕನಾದ ನೀರಗಂಟಿ ಲಾಟೀನು ಹಿಡಿದು ಹೋಗಿ, ಮೂಟೆಗಳನ್ನೆಲ್ಲ ಎಳೆದು ಕೆಡವಿದ. ಬೆಳಗ್ಗೆ ತಂದೆಯವರು ಗದರಿಸಿದರೆ ಅವನು ಹೇಳಿದ್ದು ಇಷ್ಟೆ: “ಏರಿ ಉಳಿದ್ರಲ್ವಾ ಅಯ್ನೋರೆ, ನೀರು? ಕೆಳಗಿನ ಕೆರೆಯೋರೂ ಕಾಯ್ತಾ ಕೂತವ್ರೆ.” ತಂದೆಯವರು ಮರುಮಾತಾಡಲಿಲ್ಲ.

ಅವನ ಎರಡನೆಯ ಮಾತು ನನಗೆ ಅರ್ಥವಾದದ್ದು ಬಹಳ ತಡವಾಗಿ. ನಮ್ಮ ಕೆರೆಗಳು ಒಂಟಿಯಲ್ಲ, ಸರಪಣಿಯ ಕೊಂಡಿಗಳು. ಮೇಲಿನ ಕೆರೆಯ ಕೋಡಿನೀರೇ ಕೆಳಗಿನ ಕೆರೆಯ ಬಾಳು. ಮೇಲಿನದು ಒಡೆದರೆ ಆ ಪ್ರವಾಹಕ್ಕೆ ಕೆಳಗಿನದೂ ಉಳಿಯುವುದು ಕಷ್ಟ.

ಈ ತಿಳಿವು ಹಳೆಯದು. ವಿಜಯನಗರದ ರಾಜಪುತ್ರ ಭಾಸ್ಕರನು 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದ ಕೆರೆಯ ಬಳಿ ಹಾಕಿಸಿದ ಶಾಸನ, ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ತಪ್ಪಿಸಬೇಕಾದ 6 ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಇನ್ನೊಂದು. ಮೊದಲನೆಯದು ಮಣ್ಣಿನ ದೋಷ, ಎರಡನೆಯದು ಮನುಷ್ಯರದು. ಕೆರೆಯನ್ನು ಕಾಪಾಡುವವರಿಗೆ ಬಿಟ್ಟ ಭೂಮಿಗೆ ಕಟ್ಟುಕೊಡಗೆ ಎಂಬ ಹೆಸರೇ ಇತ್ತು. ಹೂಳು ಸಾಗಿಸುವ ಬಂಡಿಗೂ ದತ್ತಿಯಿತ್ತು. ಕಟ್ಟಿಸುವುದರಷ್ಟೇ ಕಾಯುವುದೂ ದೊಡ್ಡದೆಂದು ಆ ಜನ ಬಲ್ಲರು.

ಕೊಳವೆಬಾವಿ ಬಂದಮೇಲೆ ತೂಬಿನ ಕಡೆ ನೋಡುವವರು ಕಡಿಮೆಯಾದರು. ಎಷ್ಟೋ ಊರುಗಳಲ್ಲಿ ನೀರಗಂಟಿಯ ಕಸುಬೇ ನಿಂತಿದೆ. ಆದರೆ ಕೊಳವೆಬಾವಿಗೂ ನೀರು ಇಂಗಬೇಕಾದದ್ದು ನೆಲದೊಳಕ್ಕೇ ಅಲ್ಲವೆ? ಹೂಳೆತ್ತಲು ಇಂದು ಯಂತ್ರಗಳಿವೆ. ಮಳೆಯ ರಾತ್ರಿಯಲ್ಲಿ ಕೋಡಿಯವರೆಗೆ ನಡೆದುಹೋಗುವ ಮನುಷ್ಯನನ್ನು ಮಾತ್ರ ಊರೇ ನೇಮಿಸಿಕೊಳ್ಳಬೇಕು.