ಚಿತ್ರ ಬೆಳೆದಂತೆ ಆಟ ಬಡವಾಯಿತೇ?

ವಿಡಿಯೊ ಗೇಮಿನ ಗ್ರಾಫಿಕ್ಸ್ ಎಂದರೆ ಪರದೆಯ ಮೇಲೆ ಕಾಣುವ ಬಣ್ಣ, ಬೆಳಕು, ನೆರಳು, ಮುಖ, ಹುಲ್ಲು, ಮಳೆ ಎಲ್ಲವೂ. ಆಟದ ಆಳ ಬೇರೆಯೇ ಸಂಗತಿ. ಆಡುವವರ ಮುಂದೆ ಎಷ್ಟು ಬಗೆಯ ನಡೆಗಳು ತೆರೆದಿವೆ, ಇಂದಿನ ಒಂದು ನಡೆ ಮುಂದಿನ ಎಷ್ಟು ನಡೆಗಳ ದಿಕ್ಕನ್ನು ಬದಲಿಸುತ್ತದೆ, ನೂರು ಸಲ ಆಡಿದ ಮೇಲೂ ಕಲಿಯುವುದು ಏನಾದರೂ ಉಳಿದಿದೆಯೇ ಎಂಬುದರಿಂದ ಅದನ್ನು ಅಳೆಯಬೇಕು. ಕಳೆದ ಐವತ್ತು ವರ್ಷಗಳಲ್ಲಿ ಗ್ರಾಫಿಕ್ಸ್ ಬೆರಗಾಗುವಷ್ಟು ಬೆಳೆದಿದೆ. ಆ ಬೆಳವಣಿಗೆಯೇ ಆಳವನ್ನು ತಿಂದುಹಾಕಿತು ಎಂಬ ದೂರು ಹಳೆಯ ಆಟಗಾರರಲ್ಲಿ ಗಟ್ಟಿಯಾಗಿದೆ. ದೂರಿನಲ್ಲಿ ಸತ್ಯವಿದೆ, ಆದರೆ ಅದು ಅರ್ಧ ಸತ್ಯ.

ಚಿತ್ರವೇ ಇಲ್ಲದ ಆಟಗಳು

ಚಂದಕ್ಕೂ ಆಳಕ್ಕೂ ನಂಟು ಅನಿವಾರ್ಯವಲ್ಲ ಎಂಬುದಕ್ಕೆ ಸಾಕ್ಷಿ ವಿಜಯನಗರ ಜಿಲ್ಲೆಯಲ್ಲೇ ಇದೆ. ಈ ಬಯಲುಸೀಮೆಯಲ್ಲಿ ಹುಲಿ–ಕುರಿ, ಚೌಕಾಬಾರದಂಥ ಮನೆಯಾಟಗಳಿಗೆ ಬೇಕಾದದ್ದು ಒಂದು ಚಪ್ಪಡಿ ಕಲ್ಲು, ಇದ್ದಿಲಿನ ತುಂಡು, ಹತ್ತಾರು ಹರಳು. ಹಂಪಿಯ ಮಂಟಪಗಳ ನೆಲಹಾಸಿನಲ್ಲಿ ಇಂಥ ಆಟದ ಮನೆಗಳನ್ನು ಕೊರೆದ ಗುರುತುಗಳು ಇಂದಿಗೂ ಕಾಣುತ್ತವೆ.

ಹುಲಿ–ಕುರಿ ಆಟದ ಒಂದು ಪ್ರಚಲಿತ ರೂಪದಲ್ಲಿ 3 ಹುಲಿಗಳು, 15 ಕುರಿಗಳು, ಗೆರೆಗಳು ಕೂಡುವ 23 ಜಾಗಗಳು. ಹುಲಿ ಪಕ್ಕದ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಜಾಗಕ್ಕೆ ಬಿದ್ದರೆ ಕುರಿ ಹೋದಂತೆ. ಕುರಿಗೆ ಕೊಲ್ಲುವ ಶಕ್ತಿಯಿಲ್ಲ. ಗುಂಪುಗೂಡಿ ಹುಲಿಯನ್ನು ಅಲುಗದಂತೆ ಕಟ್ಟಿಹಾಕುವುದೊಂದೇ ಅದರ ದಾರಿ. ನಿಯಮಗಳು ಇಷ್ಟೇ. ಆದರೂ ಎರಡು ಪಕ್ಷಗಳ ಬಲ, ಗುರಿ, ಎಣಿಕೆ ಮೂರೂ ಬೇರೆ ಬೇರೆಯಾದ್ದರಿಂದ ಹುಲಿಯಾಗಿ ಗೆಲ್ಲುವವರು ಕುರಿಯಾಗಿ ಸೋಲುವುದುಂಟು.

ಚೌಕಾಬಾರದಲ್ಲಿ 25 ಮನೆಗಳು, ಒಬ್ಬೊಬ್ಬರಿಗೆ ನಾಲ್ಕು ಕಾಯಿಗಳು. ಕವಡೆ ಎಷ್ಟು ಬೀಳುತ್ತದೆ ಎಂಬುದು ಅದೃಷ್ಟ. ಬಿದ್ದದ್ದನ್ನು ಯಾವ ಕಾಯಿಗೆ ನಡೆಸಬೇಕು, ಎದುರಾಳಿಯ ಕಾಯಿಯನ್ನು ಹೊಡೆಯಬೇಕೋ ತನ್ನದನ್ನು ಕಟ್ಟೆ ಸೇರಿಸಬೇಕೋ ಎಂಬುದು ಮಾತ್ರ ಆಡುವವರ ತಲೆಗೆ ಬಿಟ್ಟದ್ದು. ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಿ ಹಣ್ಣಾಗುವಂತಿಲ್ಲ ಎಂಬ ನಿಯಮವಿರುವ ಕಡೆ, ಹೆದರಿ ಕುಳಿತವರು ಗೆಲ್ಲಲಾರರು. ಆಳವೆಂಬುದು ನಿಯಮಗಳ ಹೆಣಿಗೆಯಿಂದ ಹುಟ್ಟುತ್ತದೆ, ಹಾಸಿನ ಅಲಂಕಾರದಿಂದಲ್ಲ ಎಂಬುದು ಈ ಎರಡೂ ಆಟಗಳಲ್ಲಿ ಸ್ಪಷ್ಟ.

ಅರಮನೆಯ ಚಿತ್ರದೆಲೆಗಳು

ಹಾಗಾದರೆ ಅಲಂಕಾರ ಆಳದ ಶತ್ರುವೇ? ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದ ಆಟಗಳು ಅಲ್ಲ ಎನ್ನುತ್ತವೆ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಕಠಿಣ ಒಗಟುಗಳಲ್ಲಿ ಈ ದೊರೆಗೆ ಅಪಾರ ಆಸಕ್ತಿ. ಹೊಸ ಮನೆಯಾಟಗಳನ್ನೂ ಗಂಜೀಫಾ ಎಂಬ ಚಿತ್ರದೆಲೆಯಾಟದ ಹೊಸ ಕಟ್ಟುಗಳನ್ನೂ ಅವರು ರೂಪಿಸಿದರು. ಸಾಮಾನ್ಯ ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣ, ಬಣ್ಣಕ್ಕೆ 12ರಂತೆ 120 ಎಲೆಗಳು. ಅರಮನೆಯ ದೊಡ್ಡ ಕಟ್ಟುಗಳು 360 ಎಲೆಗಳವರೆಗೂ ಹೋದವು. ಒಂದೊಂದು ಎಲೆಯೂ ಕೈಯಲ್ಲಿ ಬರೆದ ಚಿತ್ರ. ಬಿದ್ದ ಎಲೆಗಳನ್ನೆಲ್ಲ ನೆನಪಿಟ್ಟು ಲೆಕ್ಕ ಹಾಕುವುದು ಆಟದ ಜೀವಾಳ. ಚಂದವೂ ಆಳವೂ ಒಂದೇ ಕಟ್ಟಿನಲ್ಲಿದ್ದವು.

ಇದಕ್ಕೆ ಇನ್ನೊಂದು ಮುಖವೂ ಇದೆ. ಕೈಯಲ್ಲಿ ಬರೆದ ಎಲೆ ದುಬಾರಿ, ಹೊಸ ಕಟ್ಟು ಬೇಕೆಂದರೆ ನುರಿತ ಚಿತ್ರಕಾರರು ಬೇಕು. ಅಚ್ಚಾದ ಅಗ್ಗದ ಇಸ್ಪೀಟು ಬಂದ ಮೇಲೆ ಗಂಜೀಫಾ ಜನಬಳಕೆಯಿಂದ ಸರಿಯಿತು. ಗಂಜೀಫಾ ರಘುಪತಿ ಭಟ್ ಅವರಂಥ ಕಲಾವಿದರಿಂದ ಚಿತ್ರಕಲೆ ಉಳಿಯಿತು, ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು. ಆಡಬಲ್ಲವರು ಮಾತ್ರ ವಿರಳ. ಇದ್ದಿಲ ಗೆರೆಯ ಚೌಕಾಬಾರಕ್ಕೆ ಈ ತೊಂದರೆ ಬರಲಿಲ್ಲ. ಚಿತ್ರದಿಂದ ಬರುವ ನಿಜವಾದ ತೊಡಕು ಅದರ ಚಂದವಲ್ಲ, ಅದರ ಖರ್ಚು. ವಿಡಿಯೊ ಗೇಮುಗಳ ಕತೆಯಲ್ಲೂ ಇದೇ ಮುಖ್ಯ.

ಪರದೆಯ ಚರಿತ್ರೆ

1972ರ ಪಾಂಗ್ ಆಟದಲ್ಲಿ ಎರಡು ಗೆರೆ, ಒಂದು ಚುಕ್ಕೆ. 1980ರ ಪ್ಯಾಕ್‌ಮ್ಯಾನ್‌ನಲ್ಲಿ ಬೆನ್ನಟ್ಟುವ ನಾಲ್ಕು ದೆವ್ವಗಳಿಗೆ ನಾಲ್ಕು ಗುಣ: ಒಂದು ನೇರ ಹಿಂದೆ ಬೀಳುತ್ತದೆ, ಇನ್ನೊಂದು ಮುಂದಿನ ದಾರಿಗೆ ಅಡ್ಡ ಹಾಕುತ್ತದೆ. ಅದೇ ಕಾಲದ ರೋಗ್ ಎಂಬ ಆಟದಲ್ಲಿ ಚಿತ್ರವೇ ಇಲ್ಲ. ವೀರ, ರಾಕ್ಷಸ, ಗೋಡೆ ಎಲ್ಲವೂ ಕೀಲಿಮಣೆಯ ಅಕ್ಷರ ಚಿಹ್ನೆಗಳು. ಆದರೆ ಪ್ರತಿ ಸಲವೂ ಹೊಸ ಗುಹೆ ತಾನೇ ಹುಟ್ಟುತ್ತಿದ್ದುದರಿಂದ ಅದು ಇಂದಿಗೂ ಒಂದು ಇಡೀ ಆಟಪ್ರಕಾರದ ಮೂಲಪುರುಷ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೊವ್ ರೂಪಿಸಿದ ಟೆಟ್ರಿಸ್‌ನಲ್ಲಿರುವುದು ಏಳು ಆಕಾರದ ತುಂಡುಗಳು ಮಾತ್ರ.

ಚಿತ್ರ ಆಳವನ್ನು ನುಂಗಿದ್ದಕ್ಕೂ ಅದೇ ದಶಕದಲ್ಲಿ ಉದಾಹರಣೆಯಿದೆ. 1983ರ ಡ್ರ್ಯಾಗನ್ಸ್ ಲೇರ್ ಆಟಕ್ಕೆ ಅನಿಮೇಷನ್ ಕಲಾವಿದ ಡಾನ್ ಬ್ಲೂತ್ ಸಿನಿಮಾ ಗುಣಮಟ್ಟದ ಚಿತ್ರ ಕೊಟ್ಟರು. ಲೇಸರ್ ಡಿಸ್ಕಿನಲ್ಲಿ ಮೊದಲೇ ಮುದ್ರಿತವಾದ ಆ ದೃಶ್ಯಗಳಲ್ಲಿ ಆಡುವವರ ಪಾಲಿಗೆ ಉಳಿದದ್ದು ಸರಿಯಾದ ಕ್ಷಣದಲ್ಲಿ ಸರಿಯಾದ ದಿಕ್ಕು ಒತ್ತುವುದಷ್ಟೇ.

ಆದರೆ ತಂತ್ರಜ್ಞಾನ ಹೊಸ ಆಳವನ್ನೂ ತೆರೆಯಿತು. 1993ರ ಡೂಮ್ ಆಟಗಾರರನ್ನು ಕೋಣೆ, ಓಣಿ, ಮೂಲೆಗಳ ಒಳಗೇ ನಿಲ್ಲಿಸಿತು. ಎಲ್ಲಿ ನಿಲ್ಲಬೇಕು, ಯಾವ ಮೂಲೆಯಲ್ಲಿ ಅಡಗಬೇಕು ಎಂಬ ಲೆಕ್ಕಾಚಾರಕ್ಕೆ ಅದರಿಂದ ಹೊಸ ರೂಪ ಬಂತು. 2004ರ ಹಾಫ್‌ಲೈಫ್ 2ರಲ್ಲಿ ವಸ್ತುಗಳಿಗೆ ತೂಕ, ಬೀಳುವ ಗತಿ ಬಂದದ್ದರಿಂದ ಕೈಗೆ ಸಿಕ್ಕ ಡಬ್ಬ, ಗರಗಸದ ಚಕ್ರಗಳೂ ಆಯುಧಗಳಾದವು. ಯಂತ್ರದ ಹೆಚ್ಚಿದ ಶಕ್ತಿಯನ್ನು ನಿಯಮಗಳಿಗೂ ಖರ್ಚು ಮಾಡಿದಾಗ ಚಿತ್ರ ಮತ್ತು ಆಟ ಒಟ್ಟಿಗೇ ಬೆಳೆದಿವೆ.

ಖರ್ಚಿನ ಲೆಕ್ಕ

2023ರಲ್ಲಿ ಅಮೆರಿಕದ ನ್ಯಾಯಾಲಯವೊಂದಕ್ಕೆ ಸಲ್ಲಿಕೆಯಾದ ಸೋನಿ ಕಂಪನಿಯ ದಾಖಲೆಗಳಿಂದ ದೊಡ್ಡ ಆಟಗಳ ಖರ್ಚು ಬಯಲಾಯಿತು. 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ಕ್ಕೆ ಸುಮಾರು 22 ಕೋಟಿ ಡಾಲರ್; 2022ರ ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ ಸುಮಾರು 21 ಕೋಟಿ ಡಾಲರ್, ದುಡಿದವರು ಉತ್ತುಂಗದಲ್ಲಿ 300 ಮಂದಿ. ಇಂಥ ಆಟಗಳಲ್ಲಿ ಚಿತ್ರ, ಅನಿಮೇಷನ್, ನಟನೆಯ ಧ್ವನಿಮುದ್ರಣಕ್ಕೆ ಬೇಕಾಗುವ ಕೈಗಳೇ ಬಹಳ.

ಈ ದುಡಿಮೆಯಲ್ಲಿ ಕರ್ನಾಟಕದ ಪಾಲೂ ಇದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್, ಫೋರ್ಜಾದಂಥ ವಿದೇಶಿ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ಗ್ರ್ಯಾಂಡ್ ತೆಫ್ಟ್ ಆಟೊ ಖ್ಯಾತಿಯ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಶಾಖೆಯೊಂದಿಗೆ ಸೇರಿಸಿಕೊಂಡಿತು. ಕಾರು, ಕಟ್ಟಡ, ಮರಗಳನ್ನು ತುಂಡು ತುಂಡಾಗಿ ಹಂಚಿ ಯಾವ ಊರಿನಲ್ಲಾದರೂ ಮಾಡಿಸಬಹುದು. ಆಟದ ನಿಯಮಗಳನ್ನು ಹಾಗೆ ಹಂಚಲಾಗದು. ಅದಕ್ಕೆ ಕೆಲವೇ ಜನ ಕೂತು, ಆಡಿ, ಕೆಡವಿ, ಮತ್ತೆ ಕಟ್ಟುವ ಕಾಲ ಬೇಕು. ಹಣದಿಂದ ಚಿತ್ರ ಬೆಳೆದಷ್ಟು ಸಲೀಸಾಗಿ ಆಳ ಬೆಳೆಯದಿರಲು ಇದೇ ಕಾರಣ.

ದುಬಾರಿ ಚಿತ್ರ ಮೂರು ದಾರಿಯಲ್ಲಿ ಆಳಕ್ಕೆ ಪೆಟ್ಟು ಕೊಡುತ್ತದೆ. ಮೊದಲನೆಯದು ಹೆದರಿಕೆ: ಕೋಟಿಗಟ್ಟಲೆ ಹೂಡಿದ ಕಂಪನಿ ಗೆದ್ದ ಸೂತ್ರವನ್ನೇ ಮತ್ತೆ ಹಿಡಿಯುತ್ತದೆ. ಎರಡನೆಯದು ಕವಲುಗಳ ಕೊರತೆ: ಆಟಗಾರರು ಆಯ್ದುಕೊಳ್ಳದ ದಾರಿಗೆ ಬರೆದ ಚಿತ್ರ, ಮುದ್ರಿಸಿದ ಮಾತು ಎರಡೂ ಅವರ ಪಾಲಿಗೆ ಇಲ್ಲದಂತೆಯೇ. 2002ರ ಮಾರೋವಿಂಡ್‌ನಲ್ಲಿ ಹೆಚ್ಚಿನ ಸಂಭಾಷಣೆ ಓದುವ ಪಠ್ಯವಾಗಿತ್ತು, ಒಂದು ಕವಲು ಸೇರಿಸಲು ನಾಲ್ಕು ಸಾಲು ಬರೆದರೆ ಸಾಕಿತ್ತು. 2006ರಲ್ಲಿ ಬಂದ ಅದರ ಮುಂದಿನ ಆಟ ಒಬ್ಲಿವಿಯನ್‌ನಲ್ಲಿ ಎಲ್ಲ ಮಾತಿಗೂ ಧ್ವನಿ ಬಂತು. ಆಗ ಪ್ರತಿ ಸಾಲಿಗೂ ನಟರು ಬೇಕಾದರು. ಮೂರನೆಯದು ಗೊಂದಲ: ದೃಶ್ಯ ನಿಜದಂತಾದಷ್ಟೂ ಯಾವುದು ಮುಟ್ಟುವಂಥದ್ದು, ಯಾವುದು ಬರೀ ಹಿನ್ನೆಲೆ ಎಂದು ತಿಳಿಯುವುದಿಲ್ಲ. 2023ರ ಹೊಸ ರೆಸಿಡೆಂಟ್ ಈವಿಲ್ 4ರಲ್ಲಿ ಒಡೆಯಬಹುದಾದ ಪೀಪಾಯಿ, ಹತ್ತಬಹುದಾದ ಏಣಿಗಳಿಗೆ ಹಳದಿ ಬಣ್ಣ ಬಳಿದದ್ದು ಇದಕ್ಕೇ. ಹುಡುಕುವ ಕೆಲಸ ಅಲ್ಲಿಗೆ ಅರ್ಧ ಮುಗಿಯುತ್ತದೆ.

ಎರಡೂ ಕೂಡಿದ ಕಡೆ

ಹಾಗೆಂದು ಇದು ತಪ್ಪಿಸಲಾಗದ ವಿಧಿಯೇನಲ್ಲ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಚಿತ್ರವೂ ಶ್ರೀಮಂತ, ಆಯ್ಕೆಗಳ ಕವಲೂ ಅಪಾರ. ಅತ್ತ ಒರಟು ಚೌಕಗಳ ಮೈನ್‌ಕ್ರಾಫ್ಟ್‌ನ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. 2006ರಿಂದ ಅಕ್ಷರ ಚಿಹ್ನೆಗಳಲ್ಲೇ ಇದ್ದ ಡ್ವಾರ್ಫ್ ಫೋರ್ಟ್ರೆಸ್‌ಗೆ 2022ರ ಡಿಸೆಂಬರ್‌ನಲ್ಲಿ ಚಿತ್ರರೂಪ ಬಂದಾಗ ಅದರ ಆಳವೇನೂ ತಗ್ಗಲಿಲ್ಲ. ಹೆದರಿ ದೂರ ನಿಂತಿದ್ದ ಸಾವಿರಾರು ಜನ ಒಳಗೆ ಬಂದರು. ಒಳ್ಳೆಯ ಚಿತ್ರ ಆಳವಾದ ಆಟಕ್ಕೆ ಬಾಗಿಲಾಗಬಲ್ಲದು.

ಮೊಬೈಲಿನ ತೀರ್ಪು

ತಾಲ್ಲೂಕು ಕೇಂದ್ರಗಳ, ಹಳ್ಳಿಗಳ ಹುಡುಗರಿಗೆ ವಿಡಿಯೊ ಗೇಮ್ ಎಂದರೆ ಬಹುಮಟ್ಟಿಗೆ ಮೊಬೈಲ್ ಆಟವೇ. 2020ರಲ್ಲಿ ಭಾರತದಲ್ಲಿ ಪಬ್‌ಜಿ ಎಂಬ ಗುಂಡಿನಾಟ ನಿಷೇಧವಾಗಿ 2021ರಲ್ಲಿ ಅದರ ಬದಲಿಗೆ ಬಿಜಿಎಂಐ ಬಂತು. ಅದರ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸನ್ನು ಅತಿ ಎತ್ತರಕ್ಕೆ ಏರಿಸುವ ಅವಕಾಶವಿದೆ. ಆದರೆ ಪಂದ್ಯ ಗೆಲ್ಲಲು ಆಡುವವರು ಸಾಮಾನ್ಯವಾಗಿ ಆರಿಸುವುದು ಕೆಳಗಿನ ‘ಸ್ಮೂತ್’ ಮಟ್ಟವನ್ನು. ದೃಶ್ಯ ಸರಳವಾದಷ್ಟೂ ಫೋನ್ ಬಿಸಿಯಾಗುವುದು ಕಡಿಮೆ, ಚಿತ್ರ ತಡವರಿಸುವುದಿಲ್ಲ, ಎದುರಾಳಿ ಬೇಗ ಕಣ್ಣಿಗೆ ಬೀಳುತ್ತಾನೆ. ಆಟದಲ್ಲಿ ನಿಜವಾಗಿ ತೊಡಗಿದವರು ಚಂದವನ್ನು ತಾವಾಗಿಯೇ ಬಿಟ್ಟುಕೊಡುತ್ತಾರೆ.

ಒಟ್ಟಿನಲ್ಲಿ, ಗ್ರಾಫಿಕ್ಸ್ ಬೆಳೆದದ್ದರಿಂದ ಆಳ ಸಾಯುವುದಿಲ್ಲ. ಹಣ, ಕಾಲ, ಗಮನ ಮೂರನ್ನೂ ಚಿತ್ರಕ್ಕೇ ಸುರಿದು ನಿಯಮಗಳಿಗೆ ಏನೂ ಉಳಿಸದಿದ್ದಾಗ ಆಟ ಸೊರಗುತ್ತದೆ. ಆಟ ಕೊಳ್ಳುವವರು, ಮಕ್ಕಳಿಗೆ ಕೊಡಿಸುವ ತಂದೆತಾಯಿಗಳು ಟ್ರೇಲರ್ ನೋಡಿ ಮರುಳಾಗುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಇಬ್ಬರು ಆಡಿದರೆ ಎರಡು ಬಗೆಯಲ್ಲಿ ಆಡಲು ಸಾಧ್ಯವೇ? ಸೋತವರಿಗೆ ತಾವು ಏಕೆ ಸೋತೆವೆಂದು ತಿಳಿಯುತ್ತದೆಯೇ? ಎರಡಕ್ಕೂ ಹೌದು ಎನ್ನುವ ಆಟ ಇದ್ದಿಲ ಗೆರೆಯದಾದರೂ ಸರಿ, ಕೋಟಿ ಡಾಲರಿನದಾದರೂ ಸರಿ, ಆಡಲು ಯೋಗ್ಯವಾದುದೇ.