ಓರೆಯಾಗಿಟ್ಟ ರೇಡಿಯೊ

ಕೆಟ್ಟುದನ್ನು ಸರಿಪಡಿಸಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಆದರೆ ಸರಿಪಡಿಸಹೊರಟವನಿಗೆ ವಿದ್ಯೆಗಿಂತ ಉತ್ಸಾಹವೇ ಹೆಚ್ಚಾಗಿದ್ದರೆ ಆ ವಸ್ತುವಿನ ಗತಿ ಏನಾಗುತ್ತದೆಂಬುದನ್ನು ಕಳೆದ ಬೇಸಗೆಯ ರಜೆಯಲ್ಲಿ ನಾನು ಸ್ವಾನುಭವದಿಂದ ಅರಿತೆ. ಹಳಗನ್ನಡ ಪದ್ಯದ ಸಂಧಿಗಳನ್ನು ಬಿಡಿಸಿ, ಅನ್ವಯಿಸಿ, ಮತ್ತೆ ಕೂಡಿಸಿ ತೋರಿಸುವುದು ನನ್ನ ವೃತ್ತಿ. ಬಿಡಿಸಬಲ್ಲವನು ಕೂಡಿಸಲೂ ಬಲ್ಲನೆಂಬ ಧೈರ್ಯದಿಂದ, ನಮ್ಮ ತಂದೆಯವರ ಹಳೆಯ ಟ್ರಾನ್ಸಿಸ್ಟರ್ ರೇಡಿಯೊದ ಬೆನ್ನಿನ ಮುಚ್ಚಳವನ್ನು ಒಂದು ಮಧ್ಯಾಹ್ನ ಬಿಚ್ಚಿದೆ.

ನಮ್ಮ ಮನೆಯಿರುವುದು ಪೀಣ್ಯದ ಒಂದು ಒಳಬೀದಿಯಲ್ಲಿ. 1970ರ ದಶಕದ ಕೊನೆಯಲ್ಲಿ ಇಲ್ಲಿ ಕೈಗಾರಿಕಾ ಪ್ರದೇಶ ತಲೆಯೆತ್ತುತ್ತಿದ್ದಾಗ ತಂದೆಯವರು ತುಮಕೂರು ಕಡೆಯ ಹಳ್ಳಿಯಿಂದ ಬಂದು ಲೇತ್ ಕೆಲಸಕ್ಕೆ ಸೇರಿದರು. ಮೊದಲ ಬೋನಸ್ಸಿನ ಹಣದಲ್ಲಿ ಕೊಂಡದ್ದು ಈ ರೇಡಿಯೊ. ವಯಸ್ಸಿನಲ್ಲಿ ಅದು ನನಗೆ ಅಣ್ಣ. ಅದರ ಲೈಸೆನ್ಸ್ ಪುಸ್ತಕ ಈಗಲೂ ನಮ್ಮಲ್ಲಿದೆ. ಮನೆಯಲ್ಲಿ ಕುಳಿತು ರೇಡಿಯೊ ಕೇಳುವುದಕ್ಕೂ ಒಂದು ಕಾಲದಲ್ಲಿ ಅಂಚೆ ಕಚೇರಿಗೆ ಹೋಗಿ ವರ್ಷವರ್ಷವೂ ಶುಲ್ಕ ತೆರಬೇಕಾಗಿತ್ತೆಂದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ.

ತಂದೆಯವರಿಗೆ ಈಗ ಎಂಬತ್ತರ ಸಮೀಪ. ಕಣ್ಣು ಮಸುಕಾಗಿದೆ, ಪತ್ರಿಕೆಯ ದೊಡ್ಡಕ್ಷರಗಳೂ ಕಾಣುವುದಿಲ್ಲ. ಮೊಬೈಲಿನಲ್ಲಿಯೇ ಆಕಾಶವಾಣಿ ಬರುತ್ತದೆಂದು ನಾನು ತೋರಿಸಿಕೊಟ್ಟೆ. ಅವರು ಆ ನುಣುಪಾದ ಗಾಜಿನ ಮೇಲೆ ಬೆರಳಾಡಿಸಿ, “ಇದರಲ್ಲಿ ಕೈಗೆ ಏನೂ ಸಿಕ್ಕೋದಿಲ್ಲವಲ್ಲ, ಮಗೂ” ಎಂದರು. ಹಳೆಯ ರೇಡಿಯೊದಲ್ಲಾದರೆ ತಿರುಗಣಿಯನ್ನು ಎಷ್ಟು ತಿರುಗಿಸಿದರೆ ಬೆಂಗಳೂರು, ಎಷ್ಟು ತಿರುಗಿಸಿದರೆ ಧಾರವಾಡ ಎಂಬುದು ಅವರ ಬೆರಳಿಗೇ ಗೊತ್ತು. ಆದರೆ ಆ ರೇಡಿಯೊ ಹತ್ತು ವರ್ಷಗಳಿಂದ ಮೂಕವಾಗಿತ್ತು.

ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ರೇಡಿಯೊದ ಮಟ್ಟಿಗೆ ನಮ್ಮ ನಾಡಿನಲ್ಲಿ ಮೇಷ್ಟರ ಪರಂಪರೆ ದೊಡ್ಡದು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದ ಎಂ. ವಿ. ಗೋಪಾಲಸ್ವಾಮಿಯವರು ಇಂಜಿನಿಯರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ಕೇಂದ್ರದ ಹೆಸರೇ ‘ಆಕಾಶವಾಣಿ’. ಅದನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುತ್ತಾರೆ. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಮೈಸೂರಿನ ಆ ಕೇಂದ್ರ ಬೆಂಗಳೂರಿಗೆ ಬಂದದ್ದು 1955ರಲ್ಲಿ. ಅದಕ್ಕೆ ಹಿಂದಿನ ವರ್ಷ ಪೀಣ್ಯದ ನೆರೆಯ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾಗಿತ್ತು. ರೇಡಿಯೊಗಳಿಗೆ ಬೇಕಾದ ವಾಲ್ವುಗಳೂ ಟ್ರಾನ್ಸಿಸ್ಟರುಗಳೂ ಅಲ್ಲಿ ತಯಾರಾದುವು. ಒಬ್ಬ ಮೇಷ್ಟರು ಕೇಂದ್ರವನ್ನೇ ಕಟ್ಟಿದ ನಾಡಿನಲ್ಲಿ, ಕಾರ್ಖಾನೆಗಳ ಮಗ್ಗುಲಲ್ಲಿಯೇ ಬೆಳೆದ ಇನ್ನೊಬ್ಬ ಮೇಷ್ಟರು ಒಂದು ಪೆಟ್ಟಿಗೆಯನ್ನು ರಿಪೇರಿ ಮಾಡಲಾರನೆ? ಇದು ನನ್ನ ತರ್ಕ. ಅದರ ದೋಷ ಬೇಗನೆ ತಿಳಿದುಬಂದಿತು.

ಯಾವಾಗಲೋ ಒಳಗೆ ಬಿಟ್ಟಿದ್ದ ಸೆಲ್ಲುಗಳು ಸೋರಿ ಸ್ಪ್ರಿಂಗುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಕೆರೆದು ಹೊಸ ಸೆಲ್ಲು ಹಾಕಿದೆ. ಕರಕರ ಶಬ್ದ ಹೊರಟಿತು. ಅದರ ಹಿಂದೆ, ಬಾವಿಯ ಆಳದಿಂದೆಂಬಂತೆ, ಯಾರದೋ ಮಾತು. ಧ್ವನಿಯನ್ನು ಏರಿಸಿ ಇಳಿಸುವ ತಿರುಗಣಿಯ ನಡುವಿನ ಕಾಲಿಗೆ ಸ್ಕ್ರೂಡ್ರೈವರಿನ ತುದಿಯನ್ನು ತಾಗಿಸಿದಾಗ ಸ್ಪೀಕರು ‘ಟಕ್’ ಎಂದಿತು. ಅಲ್ಲಿಂದ ಸ್ಪೀಕರಿನವರೆಗಿನ ಭಾಗ ಜೀವಂತವಾಗಿದೆ, ದೋಷವನ್ನು ಅದಕ್ಕೂ ಹಿಂದೆ ಹುಡುಕಬೇಕು ಎಂದು ಇದರ ಅರ್ಥ. ಇಷ್ಟನ್ನು ಒಂದು ಹಳೆಯ ಪುಸ್ತಕದಲ್ಲಿ ಓದಿಕೊಂಡಿದ್ದೆ. ಅಲ್ಲಿಗೇ ನಿಲ್ಲಿಸಿದ್ದರೆ ಪುಣ್ಯವಿತ್ತು. ಫಲಕದ ಮೇಲೆ ಬೆರಳಿನ ಉಗುರಿನಷ್ಟಗಲದ ತಗಡಿನ ಡಬ್ಬಿಗಳು ಕೆಲವಿದ್ದುವು. ಒಂದೊಂದರ ನೆತ್ತಿಯಲ್ಲಿಯೂ ಬಣ್ಣ ಬಳಿದ ಒಂದೊಂದು ಸ್ಕ್ರೂ. ಸಡಿಲವಾಗಿವೆಯೆಂದು ತೋರಿತು. ಎಲ್ಲವನ್ನೂ ಶ್ರದ್ಧೆಯಿಂದ ಬಿಗಿದೆ. ಅದುವರೆಗೆ ಕೇಳುತ್ತಿದ್ದ ಆ ಮಾತೂ ಅಡಗಿಹೋಯಿತು.

ಮರುದಿನ ರೇಡಿಯೊವನ್ನು ಚೀಲದಲ್ಲಿಟ್ಟುಕೊಂಡು ಎಸ್.ಪಿ. ರಸ್ತೆಗೆ ಹೋದೆ. ಬಿಡಿಭಾಗಗಳ ಅಂಗಡಿಗಳ ನಡುವಿನ ಒಂದು ಇಕ್ಕಟ್ಟಾದ ಮೂಲೆಯಲ್ಲಿ ವೃದ್ಧರೊಬ್ಬರು ಕುಳಿತಿದ್ದರು. ಮುಚ್ಚಳ ತೆಗೆದು ನೋಡಿದವರೆ ನಕ್ಕು, “ಮೇಷ್ಟ್ರೇ, ಇವನ್ನ ಯಾಕೆ ಬಿಗಿದ್ರಿ? ಇವು ಸ್ಕ್ರೂ ಅಲ್ಲ, ಶ್ರುತಿ” ಎಂದರು.

ಅವರು ವಿವರಿಸಿದ್ದು ಇದು. ಯಾವ ನಿಲಯವನ್ನು ಹಿಡಿದರೂ ಅದರ ತರಂಗವನ್ನು ಒಳಗೆ ಸುಮಾರು 455 ಕಿಲೊಹರ್ಟ್ಸಿನ ಒಂದೇ ಕಂಪನಾಂಕಕ್ಕೆ ತಂದುಕೊಂಡು, ಅನಂತರ ಅದನ್ನು ಬಲಗೊಳಿಸುವುದು ಇಂಥ ರೇಡಿಯೊಗಳ ಕ್ರಮ. ಡಬ್ಬಿಗಳೊಳಗಿನ ತಂತಿಯ ಸುರುಳಿಗಳೆಲ್ಲ ಆ ಕಂಪನಾಂಕಕ್ಕೆ ಹೊಂದಿಕೊಂಡಿರಬೇಕು. ನಾನು ಸ್ಕ್ರೂ ಎಂದು ತಿಳಿದದ್ದು ಆ ಹೊಂದಿಕೆಗಾಗಿ ಇಟ್ಟ ಫೆರೈಟ್ ತಿರುಳು. ತಂಬೂರಿಯ ಬಿರಡೆಗಳು ಸಡಿಲವೆಂದು ನಾಲ್ಕನ್ನೂ ಕಡೆಯವರೆಗೆ ತಿರುಗಿಸಿದವನ ಜಾಣತನ ನನ್ನದಾಗಿತ್ತು. ಮೂಲದ ದೋಷವೆಂದರೆ ವರ್ಷಗಟ್ಟಲೆ ಸುಮ್ಮನಿದ್ದು ಒಣಗಿಹೋದ ಒಂದೆರಡು ಕೆಪಾಸಿಟರುಗಳು. ಅವುಗಳನ್ನು ಬದಲಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾನು ತಂದಿಟ್ಟ ದೋಷವನ್ನು ಕಳೆಯಲು ಅವರು ಅರ್ಧ ಗಂಟೆ ಕಿವಿಗೊಟ್ಟು ಕುಳಿತರು. ಕಡೆಯ ಡಬ್ಬಿಯಿಂದ ಮೊದಲಿನ ಡಬ್ಬಿಯವರೆಗೆ ಒಂದೊಂದನ್ನೂ ಕೂದಲೆಳೆಯಷ್ಟು ತಿರುಗಿಸುತ್ತ ಬಂದರು. ಮಾತು ಬಾವಿಯಿಂದ ಮೇಲೆದ್ದು ನಮ್ಮೆದುರಿಗೆ ಬಂದು ನಿಂತಿತು.

ಗೆದ್ದೆನೆಂದು ಮನೆಗೆ ಬಂದೆ. ಬೆಂಗಳೂರು ನಿಲಯದ 612 ಕಿಲೊಹರ್ಟ್ಸಿಗೆ ತಿರುಗಿಸಿದರೆ, ಜೇನುಗೂಡಿಗೆ ಕಲ್ಲು ಹೊಡೆದಂಥ ಮೊರೆತ! ಬಸ್ಸಿನ ಕುಲುಕಾಟಕ್ಕೆ ಏನೋ ಕಳಚಿರಬೇಕೆಂದು ಮತ್ತೆ ಮುಚ್ಚಳ ತೆಗೆದೆ. ಈ ಸಲ ನೋಡಿದೆ, ಮುಟ್ಟಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ತಂದೆಯವರು, “ಹೋಗಲಿ ಬಿಡು, ಅದಕ್ಕೂ ವಯಸ್ಸಾಯಿತು” ಎಂದರು. ಆ ಮಾತು ನನ್ನನ್ನು ನೋಯಿಸಿತು.

ಅಂದು ರಾತ್ರಿ ವಿದ್ಯುತ್ತು ಹೋಯಿತು. ಬೀದಿಯೆಲ್ಲ ಕತ್ತಲೆ. ಆರಿಸುವುದನ್ನು ಮರೆತಿದ್ದ ರೇಡಿಯೊ ಆ ಕತ್ತಲೆಯಲ್ಲಿ ಸ್ವಚ್ಛವಾಗಿ, ಸಾವಧಾನವಾಗಿ ಕನ್ನಡ ಮಾತನಾಡತೊಡಗಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು. ಇಪ್ಪತ್ತು ನಿಮಿಷದ ಮೇಲೆ ದೀಪ ಬಂದಿತು, ಮೊರೆತವೂ ಬಂದಿತು.

ದೋಷವಿದ್ದದ್ದು ರೇಡಿಯೊದಲ್ಲಲ್ಲ, ಮನೆಯಲ್ಲಿ! ಒಂದೊಂದೇ ಸ್ವಿಚ್ಚನ್ನು ಆರಿಸುತ್ತ ಹೋದೆ. ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು, ದೂರದರ್ಶನದ ಪಕ್ಕದ ಪೆಟ್ಟಿಗೆ, ಒಂದೊಂದಕ್ಕೂ ಗದ್ದಲ ಒಂದಿಷ್ಟು ತಗ್ಗಿತು. ಇವುಗಳೊಳಗಿನ ಮಂಡಲಗಳು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ ಉಪಯೋಗಿಸುತ್ತವೆ. ಆ ಕತ್ತರಿಸುವಿಕೆಯ ಕಿಡಿನುಡಿ ಮಧ್ಯಮ ತರಂಗದ ಉದ್ದಕ್ಕೂ ಹರಡಿಕೊಳ್ಳುತ್ತದೆ. ಎಲ್ಲಿಂದಲೋ ತೆಳ್ಳಗಾಗಿ ಬರುವ ನಿಲಯದ ಧ್ವನಿ ಆ ಸಂತೆಯಲ್ಲಿ ಮುಳುಗಿಹೋಗುತ್ತದೆ. ತಂದೆಯವರು ರೇಡಿಯೊ ಕೊಂಡ ಕಾಲದಲ್ಲಿ ನಮ್ಮ ಮನೆಯಲ್ಲಿದ್ದ ಎರಡು ಬಲ್ಬುಗಳು ಬೆಳಗುತ್ತಿದ್ದುವೇ ಹೊರತು ಹೀಗೆ ಮಾತನಾಡುತ್ತಿರಲಿಲ್ಲ.

ಎಲ್ಲವನ್ನೂ ಆರಿಸಿದರೂ ಗೋಡೆಯಾಚೆಯ ನೆರೆಮನೆಯ ಗದ್ದಲವೊಂದು ಉಳಿದಿತ್ತು. ಅದನ್ನು ಆರಿಸುವ ಸ್ವಿಚ್ಚು ನನ್ನಲ್ಲಿರಲಿಲ್ಲ. ಆಗ ತಂದೆಯವರು, “ಅದನ್ನ ಸ್ವಲ್ಪ ಓರೆ ಮಾಡು” ಎಂದರು. ಮಾಡಿದೆ. “ಇನ್ನೂ ಸ್ವಲ್ಪ.” ಮೊರೆತ ಕುಗ್ಗಿತು, ಮಾತು ಉಳಿಯಿತು.

ನಾನು ಬೆರಗಾದೆ. ಚಿಕ್ಕಂದಿನಲ್ಲಿ ಈ ರೇಡಿಯೊ ಗೂಡಿನಲ್ಲಿ ಯಾವಾಗಲೂ ಓರೆಯಾಗಿ ಕುಳಿತಿರುತ್ತಿತ್ತು. ಅದು ತಂದೆಯವರ ಅಜಾಗರೂಕತೆಯೆಂದೇ ನಾನು ಭಾವಿಸಿದ್ದೆ. ದಿನವೂ ಅದನ್ನು ಗೋಡೆಗೆ ನೇರವಾಗಿಟ್ಟು ಶಾಲೆಗೆ ಹೋಗುತ್ತಿದ್ದೆ. ಸಂಜೆ ಬರುವ ಹೊತ್ತಿಗೆ ಅದು ಮತ್ತೆ ಓರೆ. ಎದುರಿನ ವರ್ಕ್‌ಶಾಪಿನ ಮೋಟಾರು ಓಡುವಾಗ ಬರುತ್ತಿದ್ದ ಕರಕರವನ್ನು ತಪ್ಪಿಸಲು ಅವರು ಕಂಡುಕೊಂಡಿದ್ದ ಉಪಾಯ ಅದು. ಇಂಥ ರೇಡಿಯೊದೊಳಗೆ ಏರಿಯಲ್ಲಾಗಿ ಒಂದು ಫೆರೈಟ್ ಸರಳು ಅಡ್ಡಲಾಗಿ ಮಲಗಿರುತ್ತದೆ. ಅದು ತನ್ನ ಮಗ್ಗುಲಿನಿಂದ ಬಂದುದನ್ನು ಚೆನ್ನಾಗಿ ಹಿಡಿಯುತ್ತದೆ, ತನ್ನ ತುದಿಯ ನೇರದಿಂದ ಬಂದುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ತುದಿಯನ್ನು ಗದ್ದಲದ ಕಡೆಗೆ ತಿರುಗಿಸಿದರೆ ಆಯಿತು. ಈ ಶಾಸ್ತ್ರವನ್ನು ತಂದೆಯವರು ಓದಿದವರಲ್ಲ. ಕಿವಿಯಿಂದ ಕಂಡುಕೊಂಡಿದ್ದರು.

“ಆಗಲೇ ಏಕೆ ಹೇಳಲಿಲ್ಲ, ಅಪ್ಪ?” ಎಂದೆ.

“ನೀನು ಕೇಳಲಿಲ್ಲವಲ್ಲ” ಎಂದರು.

ಹಳೆಯ ಪದ್ಯದಲ್ಲಿ ಒಂದು ಅಕ್ಷರ ವಕ್ರವಾಗಿ ಕಂಡರೆ, ತಿದ್ದುವ ಮೊದಲು ಕವಿ ಹಾಗೇಕೆ ಇಟ್ಟನೆಂದು ಕೇಳಬೇಕು. ಇದನ್ನು ಇಪ್ಪತ್ತು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವನು ನಾನು. ಮನೆಯ ಗೂಡಿನಲ್ಲಿದ್ದ ಪಾಠವನ್ನು ಮಾತ್ರ ದಿನವೂ ನನ್ನ ಕೈಯಾರೆ ತಿದ್ದಿದ್ದೆ.

ಈಗ ರೇಡಿಯೊ ಗೂಡಿಗೆ ಮರಳಿದೆ. ಧೂಳೊರೆಸುವವರು ನೇರ ಮಾಡಿಯಾರೆಂದು ಅದರ ಬುಡದ ಸುತ್ತ ಹಲಗೆಯ ಮೇಲೆ ಸೀಸದ ಕಡ್ಡಿಯಿಂದ ಗೆರೆ ಎಳೆದಿದ್ದೇನೆ. ಬೆಳಗಿನ ವಾರ್ತೆಯ ಹೊತ್ತಿಗೆ ನಾವು ಎರಡು ದೀಪಗಳನ್ನು ಆರಿಸುತ್ತೇವೆ. ತಂದೆಯವರು ಗೋಡೆ ಹಿಡಿದು ಬಂದು, ತಿರುಗಣಿಯ ಮೇಲೆ ಬೆರಳಿಟ್ಟು, ಬೆಂಗಳೂರನ್ನು ಹುಡುಕಿಕೊಳ್ಳುತ್ತಾರೆ.